ನೊರೆ ಆರದ ಹಾಲು

ನಂಜಪ್ಪ ಬಂದು ಕೂತರೆ ಹೊಂಗೆಕೊಪ್ಪಲಿನ ಟೀ ಅಂಗಡಿಯ ಬೆಂಚಿನಲ್ಲಿ ಮಾತು ತಟ್ಟನೆ ನಿಲ್ಲುತ್ತಿತ್ತು. ಅವನೇನು ಪೊಲೀಸಿನವನಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ, ಚಾಡಿ ಹೇಳುವವನಂತೂ ಅಲ್ಲವೇ ಅಲ್ಲ. ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ, ಅಷ್ಟೆ. ಆದರೆ ಬೆಳಿಗ್ಗೆ ಸಂಜೆ ನಿಮ್ಮ ಮನೆಯ ಹಾಲಿನೊಳಗೆ ಗಾಜಿನ ಕಡ್ಡಿಯೊಂದನ್ನು ಇಳಿಬಿಟ್ಟು, ಅದು ಎಷ್ಟು ಮುಳುಗಿತು ಎಂದು ಬಗ್ಗಿ ನೋಡಿ, ನಿಮ್ಮ ಮುಖವನ್ನೂ ನೋಡದೆ "ಡಿಗ್ರಿ ಇಲ್ಲ, ತಗೊಂಡೋಗಿ" ಅನ್ನುವವನ ಪಕ್ಕದಲ್ಲಿ ಕೂತು ಟೀ ಹೀರಲು ಯಾರಿಗೆ ತಾನೇ ಮನಸ್ಸಾದೀತು? ದನ ಕಟ್ಟಬೇಕು, ಮೋಟರು ಹಾಕಬೇಕು ಎಂದು ಜನ ಲೋಟ ಬರಿದು ಮಾಡಿ ಒಬ್ಬೊಬ್ಬರೇ ಏಳುತ್ತಿದ್ದರು. ಬೆಂಚಿನ ಮೇಲೆ ನಂಜಪ್ಪ ಒಬ್ಬನೇ ಉಳಿಯುತ್ತಿದ್ದ.

ಊರು ಶಾಂತಿಗ್ರಾಮದ ಹತ್ತಿರ, ಹಾಸನದ ರಸ್ತೆಯಿಂದ ಒಳಕ್ಕೆ ಇಳಿದರೆ ಸಿಗುವುದು. ನಂಜಪ್ಪ ಅಲ್ಲೇ ಹುಟ್ಟಿದವನು. ಅವನು ಮೊಲೆ ಬಿಡುವ ಮೊದಲೇ ತಾಯಿ ತೀರಿಕೊಂಡಳು. ಎತ್ತಿ ಆಡಿಸಿದ್ದು, ಉಣ್ಣಿಸಿದ್ದು, ಬೈದದ್ದು, ಬಡಿದದ್ದು ಎಲ್ಲ ಅಕ್ಕ ಪುಟ್ಟತಾಯಮ್ಮ. ಆಗ ಅವಳಿಗೂ ಇನ್ನೂ ಲಂಗ ಉಡುವ ವಯಸ್ಸು. ತಮ್ಮನನ್ನು ಬಿಟ್ಟು ದೂರ ಹೋಗಲಾರೆ ಎಂದು ಹಟ ಹಿಡಿದು ಅದೇ ಊರಿನಲ್ಲಿ ಮದುವೆಯಾದಳು. ಮಕ್ಕಳಾಗಲಿಲ್ಲ, ಗಂಡನೂ ಹೆಚ್ಚು ಕಾಲ ಬಾಳಲಿಲ್ಲ. ಕೊನೆಗೆ ಅಕ್ಕನಿಗೆ ತಮ್ಮ, ತಮ್ಮನಿಗೆ ಅಕ್ಕ, ಇಷ್ಟೇ ಉಳಿದದ್ದು.

ಹರೆಯದಲ್ಲಿ ನಂಜಪ್ಪ ಚನ್ನರಾಯಪಟ್ಟಣದ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಅವನಿಗೊಂದು ಹುಚ್ಚು ಹತ್ತಿತು. ಅಂಗಡಿಯಲ್ಲಿ ಎಣ್ಣೆಯ ಖಾಲಿ ಡಬ್ಬಗಳಿದ್ದವು, ಎಲ್ಲ ಒಂದೇ ಅಳತೆಯವು. ಒಂದರಲ್ಲಿ ಉಪ್ಪು, ಒಂದರಲ್ಲಿ ರಾಗಿ, ಒಂದರಲ್ಲಿ ಹತ್ತಿಬೀಜ, ಒಂದರಲ್ಲಿ ಮೊಳೆ. ಮೊಳೆಯ ಡಬ್ಬ ಎತ್ತಿದರೆ ಸೊಂಟ ಹಿಡಿಯುತ್ತಿತ್ತು, ಹತ್ತಿಬೀಜದ್ದು ಒಂದೇ ಕೈಯಲ್ಲಿ ಬರುತ್ತಿತ್ತು. ಜಾಗ ಒಂದೇ ಆದರೂ ಒಳಗೆ ಕೂತದ್ದರ ಭಾರ ಬೇರೆ ಬೇರೆ. ಉಳಿದವರಿಗೆ ಇದರಲ್ಲಿ ಬೆರಗಾಗುವಂಥದ್ದು ಏನೂ ಕಾಣದು. ನಂಜಪ್ಪನಿಗೆ ಮಾತ್ರ ಇದು ದೇವರ ಗುಟ್ಟಿನ ಹಾಗೆ ಕಂಡಿತು. ಸಿಕ್ಕಿದ್ದನ್ನೆಲ್ಲ ಅಂಗೈಯಲ್ಲಿಟ್ಟು ತೂಗಿ ನೋಡುವುದು ಅವನಿಗೆ ಚಟವಾಯಿತು. ಬೆಲ್ಲದ ಅಚ್ಚು, ಸೋಪು, ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ, ಯಾವುದನ್ನೂ ಬಿಡಲಿಲ್ಲ.

ಈ ಚಟ ಅವನ ಮದುವೆಯನ್ನೂ ತಿಂದಿತು. ಅರಕಲಗೂಡಿನ ಕಡೆ ಒಂದು ಹೆಣ್ಣು ನೋಡಿ ಎಲ್ಲ ಒಪ್ಪಿಗೆಯಾಗಿತ್ತು. ಹೆಣ್ಣಿನ ತಂದೆಗೆ ಮನೆಯ ಮುಂಭಾಗದಲ್ಲೇ ಸಣ್ಣದೊಂದು ಅಂಗಡಿ. ತಾಂಬೂಲದ ಹೊತ್ತಿಗೆ ನಮ್ಮ ಮಹಾರಾಯ ಸುಮ್ಮನಿರಲಾರದೆ ತಕ್ಕಡಿಯ ಪಕ್ಕದಲ್ಲಿದ್ದ ಒಂದು ಕೆಜಿ ಕಲ್ಲನ್ನು ಕೈಗೆತ್ತಿಕೊಂಡ. "ಮಾವಾರೆ, ಇದು ಕಮ್ಮಿ ಅದೆ ಕಣ್ರೀ" ಎಂದ, ಹತ್ತು ಜನರ ಎದುರಿಗೆ. ಕಲ್ಲು ನಿಜವಾಗಿಯೂ ಕಮ್ಮಿಯೇ ಇತ್ತು. ಸಂಬಂಧ ಅಲ್ಲಿಗೆ ಮುರಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಪುಟ್ಟತಾಯಮ್ಮ ತಲೆ ಚಚ್ಚಿಕೊಂಡಳು. "ನಿಜ ಏಳಾಕೆ ಒಂದು ಒತ್ತು ಗೊತ್ತು ಬ್ಯಾಡ್ವೇನ್ಲಾ? ಮನ್ಸರ್ನ ನೋಡ್ಲಾ, ಕಲ್ಲನ್ನ ನೋಡ್ತೀಯಲ್ಲ" ಎಂದಳು. ಆಮೇಲೆ ಅವಳಿಗೇ ನಗು ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮತ್ತೆ ಹೆಣ್ಣು ನೋಡುವ ಮಾತು ಹಾಗೇ ತಣ್ಣಗಾಯಿತು. ಪಟ್ಟಣದ ಅಂಗಡಿ ಮುಚ್ಚಿದ ಮೇಲೆ ನಂಜಪ್ಪ ಊರಿಗೇ ಬಂದು ತುಂಡು ಹೊಲ ನೋಡಿಕೊಂಡು ಇದ್ದ. ಊಟ ಅಕ್ಕನ ಮನೆಯಲ್ಲಿ, ನಿದ್ದೆ ಅಪ್ಪನ ಕಾಲದ ತನ್ನ ಮನೆಯಲ್ಲಿ.

ತೊಂಬತ್ತೆರಡರಲ್ಲಿ ಊರಿಗೆ ಡೇರಿ ಬಂತು. ಕಾರ್ಯದರ್ಶಿಯಾದ ರಂಗಸ್ವಾಮಿ ಪರೀಕ್ಷೆಯ ಕೆಲಸಕ್ಕೆ ನಂಜಪ್ಪನನ್ನೇ ಕರೆದ. ಊರಿನಲ್ಲಿ ಯಾರ ಮುಲಾಜಿಗೂ ಬೀಳದವನು ಇವನೊಬ್ಬನೇ ಎಂಬುದು ಅವನ ಲೆಕ್ಕ. ಹಾಲಿಗೆ ಇಳಿಬಿಟ್ಟು ಡಿಗ್ರಿ ನೋಡುವ ಗಾಜು, ಅದನ್ನು ಬಿಡಲು ಉದ್ದನೆಯ ಜಾಡಿ, ಬಿಸಿ ನೋಡುವ ಒಂದು ಕಡ್ಡಿ, ಇಷ್ಟು ಸಾಮಾನು ಪೆಟ್ಟಿಗೆಯಲ್ಲಿ ಬಂದವು. ಬಿಸಿ ನೋಡುವ ಕಡ್ಡಿ ಮೊದಲ ತಿಂಗಳೇ ಕೈಜಾರಿ ಒಡೆಯಿತು. ಇನ್ನೊಂದು ತರಿಸೋಣವೇ ಎಂದು ನಂಜಪ್ಪ ಕೇಳಿದ್ದಕ್ಕೆ ರಂಗಸ್ವಾಮಿ ನಕ್ಕುಬಿಟ್ಟ. "ಆಲಿಗೇನು ಜರ ಬತ್ತದೇನಯ್ಯಾ? ಬುಡು ಅತ್ಲಾಗೆ" ಎಂದ. ಮಾತು ಸರಿ ಅನ್ನಿಸಿತು. ಗಾಜು ಒಂದಿದ್ದರೆ ಸಾಕು ಎಂದುಕೊಂಡು ಇಬ್ಬರೂ ಸುಮ್ಮನಾದರು.

ಮೊದಮೊದಲು ಜನಕ್ಕೆ ಆ ಗಾಜಿನ ಮೇಲೆ ಭಯಂಕರ ಅನುಮಾನ. ಹಾಲಿನಲ್ಲಿ ನೀರಿದೆ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ, ಅದಕ್ಕೇನು ಬಾಯಿದೆಯೇ ಎಂದು ಮಲ್ಲಿಗಮ್ಮ ಎಂಬ ಹೆಂಗಸು ಜಗಳಕ್ಕೇ ಬಂದಳು. ಮಲ್ಲಿಗಮ್ಮನದು ಕೆಳಗೇರಿಯಲ್ಲಿ ದೊಡ್ಡ ಕೊಟ್ಟಿಗೆ, ಅದಕ್ಕಿಂತ ದೊಡ್ಡದು ಬಾಯಿ. ನಂಜಪ್ಪ ಒಂದು ಪಾವು ರಾಗಿ, ಒಂದು ಪಾವು ಕಡ್ಲೆಪುರಿ ತರಿಸಿ ಅವಳ ಎರಡು ಕೈಗೂ ಕೊಟ್ಟ.

"ಪಾವು ಒಂದೇ ತಾನೆ? ತೂಕ ಒಂದೇನಾ, ಏಳು."

"ಒಂದೇ ಎಂಗಾಯ್ತದೆ? ಪುರಿ ಅಗುರ."

"ಅಂಗೇ ಕಣವ್ವ. ಒಂದೇ ಅಳ್ತೆಲಿ ತಗೊಂಡ್ರೆ ಆಲು ಭಾರ, ನೀರು ಅಗುರ. ಭಾರವಾದ್ದು ಗಾಜನ್ನ ಮೇಲಕ್ಕೆ ಎತ್ತಿ ಇಡ್ಕತದೆ. ನೀರು ಬೆರೀತು ಅಂದ್ರೆ ಆಲು ಅಗುರಾಯ್ತದೆ, ಗಾಜು ಕೆಳೀಕೆ ಓಯ್ತದೆ. ಇಪ್ಪತ್ತಾರು ಗೆರೆಗಿಂತ ಕಮ್ಮಿ ಬಂದ್ರೆ ನಾನು ತಗಳಾಕಿಲ್ಲ. ಅದು ನನ್ ಮಾತಲ್ಲ, ಗಾಜಿನ ಮಾತು."

ಈ ಕೊನೆಯ ಮಾತು ಅವನಿಗೇ ಬಲು ಹಿಡಿಸಿತು. ಅಂದಿನಿಂದ ಅದೇ ಅವನ ಮಂತ್ರವಾಯಿತು. ಸಾಲಿನಲ್ಲಿ ಯಾರಿದ್ದಾರೆ ಎಂದು ಕಣ್ಣೆತ್ತಿ ನೋಡುವುದನ್ನೇ ಬಿಟ್ಟ. ಮುಖ ನೋಡಿದರೆ ಮನಸ್ಸು ಕರಗುತ್ತದೆ, ಗಾಜಿಗೆ ಆ ರೋಗವಿಲ್ಲ ಎಂದು ಅವನ ವಾದ. ಪಂಚಾಯಿತಿ ಮೆಂಬರಿನ ಹಾಲನ್ನು ವಾಪಸು ಕಳಿಸಿದ, ಬಾಣಂತಿ ಮಗಳಿರುವ ಮನೆಯ ಹಾಲನ್ನೂ ಕಳಿಸಿದ. ಊರಿನವರು ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಅವನನ್ನು ಕರೆಯುವುದನ್ನು ಮರೆಯತೊಡಗಿದರು. ಕರೆದರೂ ಊಟದ ಸಾಲಿನಲ್ಲಿ ಯಾರಾದರೂ ಮಜ್ಜಿಗೆ ಬಡಿಸುತ್ತ "ಡಿಗ್ರಿ ನೋಡ್ಕಂಡು ಕುಡಿ ನಂಜಪ್ಪ" ಎನ್ನುವರು. ಸಾಲಿಗೆ ಸಾಲೇ ನಗುವುದು. ನಂಜಪ್ಪನೂ ನಗುವುದಕ್ಕೆ ನೋಡುವನು, ಆದರೆ ಅದು ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಊಟದ ಹೊತ್ತಿಗೆ ಅಕ್ಕನ ಮನೆಯಿತ್ತು. "ಇವತ್ತು ಯಾರ್ ಬಾಯಿಗ್ ಬಿದ್ದೆ ಮಗ?" ಎಂದು ಅವಳು ಕೇಳುವಳು. ಇವನು ಹೇಳುವನು. ಹೊಟ್ಟೆ ತುಂಬಿದ ಮೇಲೆ ಮನಸ್ಸಿನ ಭಾರವೂ ಇಳಿಯುತ್ತಿತ್ತು.

ಮೂರು ವರ್ಷ ಹೀಗೇ ಹೋಯಿತು. ಆಮೇಲೆ ಪುಟ್ಟತಾಯಮ್ಮ ಒಂದು ಸೀಮೆಹಸು ಕಟ್ಟಿದಳು.

ಅವಳ ಮನೆಗೂ ಡೇರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಡೇರಿಯ ಬಾಗಿಲು ತೆಗೆದ ಸದ್ದು ಅವಳ ಕೊಟ್ಟಿಗೆಗೆ ಕೇಳುತ್ತಿತ್ತು. ಉಳಿದವರೆಲ್ಲ ಕತ್ತಲಿರುವಾಗಲೇ ಕರೆದು, ಕೆಳಗೇರಿಯಿಂದ, ಕೆರೆಯಾಚೆಯ ತೋಟದ ಮನೆಗಳಿಂದ ನಡೆದು ಬಂದು ಸಾಲು ನಿಲ್ಲುವರು. ಪುಟ್ಟತಾಯಮ್ಮ ಹಾಗೆ ಮಾಡುವವಳಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿ: ಬೇಕಾದವರಿಗೆ ಹಾಲು ಕೊಟ್ಟರೆ ನೊರೆ ಆರುವ ಮೊದಲು ಕೊಡಬೇಕು. ನೊರೆ ಆರಿದ ಹಾಲು ಮಾರುವ ಹಾಲು, ಮನೆಯವರಿಗಲ್ಲ. ಆಚೆ ಕೂತು ಹಾಲು ಹಾಕಿಸಿಕೊಳ್ಳುವವನು ಅವಳ ತಮ್ಮ. ಅದಕ್ಕೇ ಮೊದಲ ದಿನ ಡೇರಿಯ ಬಾಗಿಲಿನ ಸದ್ದು ಕೇಳಿದ ಮೇಲೆಯೇ ಅವಳು ಹಸುವಿನ ಕೆಚ್ಚಲಿಗೆ ಕೈ ಹಾಕಿದಳು. ಕರೆದು, ಸೆರಗು ಸಿಕ್ಕಿಸಿಕೊಂಡು, ಬುರುಬುರು ನೊರೆಯೇಳುತ್ತಿದ್ದ ತಂಬಿಗೆ ಹಿಡಿದು ಓಡಿಬಂದಳು. ಅಕ್ಕ ಬಂದಳೆಂದು ಜನ ನಗುತ್ತ ದಾರಿ ಬಿಟ್ಟರು. ತಂಬಿಗೆ ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.

ನಂಜಪ್ಪ ನೊರೆಯನ್ನು ಊದಿ ಸರಿಸಿ ಗಾಜು ಬಿಟ್ಟ. ಗಾಜು ಇಳಿಯಿತು. ಇಪ್ಪತ್ತೈದು. ಅವನು ಗಾಜು ತೆಗೆದು ಒರೆಸಿ ಮತ್ತೆ ಬಿಟ್ಟ. ಮತ್ತೆಯೂ ಇಪ್ಪತ್ತೈದೇ.

"ಡಿಗ್ರಿ ಇಲ್ಲ ಅಕ್ಕ."

ಪುಟ್ಟತಾಯಮ್ಮ ತಮಾಷೆ ಎಂದುಕೊಂಡಳು. "ಸಾಕು ಸುರಿ, ಕರಾನ ಕಟ್ಟಾಕಿ ಬಂದಿವ್ನಿ" ಎಂದಳು.

"ನೀರ್ ಗೀರ್ ಬಿತ್ತೇನೋ, ನೋಡ್ಕಂಡ್ಯಾ? ತಂಬಿಗೆ ತೊಳೆದು ಅಂಗೇ..."

"ನೀರು ಸೋಕ್ಸಿಲ್ಲ ಕಣ್ಲಾ. ಒಣಗಿದ ತಂಬಿಗೆ."

ಹಿಂದೆ ಸಾಲು ಕಾದಿತ್ತು. ಎಂದೂ ಎತ್ತದ ಕಣ್ಣನ್ನು ನಂಜಪ್ಪ ಅಂದು ಎತ್ತಿದ. ಅಕ್ಕನ ಮುಖಕ್ಕಲ್ಲ, ಸಾಲಿನ ಮುಖಕ್ಕೆ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ತಂಬಿಗೆಯನ್ನು ವಾಪಸು ಕೊಟ್ಟ.

ಮಾರನೆಯ ದಿನವೂ ಅದೇ ಆಯಿತು. ಅದರ ಮಾರನೆಯ ದಿನ ಪುಟ್ಟತಾಯಮ್ಮ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಅವನು ಗಾಜು ಬಿಡುವ ಮೊದಲೇ ಮಾತಾಡಿದಳು. ದನಿ ಸಣ್ಣದಾಗಿತ್ತು.

"ನಂಜ, ನಾಳೀಕೆ ಕರೆಯೋವಾಗ ನೀನೇ ಬಂದು ಕೊಟ್ಟಿಗೇಲಿ ನಿಂತ್ಕ. ನಿನ್ ಕಣ್ಣೆದ್ರುಗೇ ಕರೀತೀನಿ."

ಗೋಡೆಯಾಚೆಗೆ ಹತ್ತು ಹೆಜ್ಜೆ. ಹೋಗಬಹುದಿತ್ತು. ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸಾಲಿನ ಕಿವಿಗಳೆಲ್ಲ ನೆಟ್ಟಗಾಗಿದ್ದವು. "ನಿನ್ ಮನೇಗ್ ಬಂದ್ರೆ ಎಲ್ರ ಮನೇಗೂ ಓಗ್ಬೇಕಾಯ್ತದೆ ಅಕ್ಕ" ಎಂದ ನಂಜಪ್ಪ. "ಗಾಜು ಸುಳ್ಳೇಳಾಕಿಲ್ಲ. ನಾಳೆಯಿಂದ ತರಬ್ಯಾಡ."

ಪುಟ್ಟತಾಯಮ್ಮ ತಂಬಿಗೆ ಎತ್ತಿಕೊಂಡು ಹೋದಳು. ಅವಳ ಬೆನ್ನು ಮರೆಯಾಗುವುದನ್ನೇ ಕಾಯುತ್ತಿದ್ದ ಮಲ್ಲಿಗಮ್ಮ ಎರಡು ಕೈ ಎತ್ತಿ ಮುಗಿದಳು. "ದರ್ಮರಾಯ ಕಣಪ್ಪ ನೀನು! ಒಡಹುಟ್ಟಿದೋಳ್ನೇ ಬುಡ್ಲಿಲ್ಲ ಅಂದ್ಮ್ಯಾಕೆ ಇನ್ನು ನಾವು ಯಾವ ಬಾಯಲ್ಲಿ ಮಾತಾಡಾನ?" ಸಾಲೆಲ್ಲ ಹೌದು ಹೌದು ಎಂದಿತು. ಅಂದು ಟೀ ಅಂಗಡಿಯಲ್ಲಿ ಯಾರೂ ಎದ್ದು ಹೋಗಲಿಲ್ಲ, ಯಾರೋ ಅವನ ಟೀಗೂ ಕಾಸು ಕೊಟ್ಟರು. ನಂಜಪ್ಪನಿಗೆ ಎದೆ ಉಬ್ಬಿತು. ಅಕ್ಕನನ್ನು ಕಳೆದುಕೊಂಡ ದಿನವೇ ಅವನಿಗೆ ಊರು ಸಿಕ್ಕಿದ ಹಾಗಾಯಿತು, ಅದು ಅವನಿಗೆ ಸಂತೋಷವನ್ನೇ ಕೊಟ್ಟಿತು. ಇದನ್ನು ಮುಚ್ಚಿಟ್ಟು ಅವನ ಕತೆ ಹೇಳಿದರೆ ಅದೂ ನೀರು ಬೆರೆಸಿದಂತೆಯೇ.

ಊರು ಸಿಕ್ಕಿದ್ದು ನಾಲ್ಕು ದಿನ ಮಾತ್ರ. ಐದನೆಯ ದಿನ ಯಾರದೋ ಹಾಲು ವಾಪಸಾಯಿತು, ಬೆಂಚು ಮತ್ತೆ ಬರಿದಾಯಿತು. ಅಕ್ಕನ ಮನೆಗೆ ಊಟಕ್ಕೆ ಹೋಗಲು ಮುಖವಿರಲಿಲ್ಲ. ನಂಜಪ್ಪ ತಾನೇ ಒಲೆ ಹಚ್ಚಿದ. ಒಬ್ಬನಿಗೆ ಮುದ್ದೆ ಮಾಡುವುದೆಂದರೆ ಸುಮ್ಮನೆಯಲ್ಲ. ಹಿಟ್ಟು ಕಡಿಮೆಯಾದರೆ ಕೋಲು ಆಡುವುದಿಲ್ಲ, ತಳ ಹಿಡಿಯುತ್ತದೆ, ಒಳಗೆಲ್ಲ ಗಂಟು. ಗಂಟುಗಂಟಾದ ಮುದ್ದೆಯನ್ನು ನುಂಗುತ್ತ ಅವನು ಗೋಡೆ ನೋಡುತ್ತಿದ್ದ. ಇವತ್ತು ಯಾರ ಬಾಯಿಗೆ ಬಿದ್ದೆ ಎಂದು ಕೇಳುವವರಿರಲಿಲ್ಲ. ಕೆಲವು ಸಲ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ, ಆಮೇಲೆ ನಾಚಿಕೆಯಾಗಿ ಸುಮ್ಮನಾಗುತ್ತಿದ್ದ.

ಗೌರಿ ಹಬ್ಬಕ್ಕೆ ತವರಿನ ಸೀರೆ ಎಂದು ಒಂದು ಸೀರೆ ತಂದು ರಂಗಸ್ವಾಮಿಯ ಕೈಯಲ್ಲಿ ಕಳಿಸಿದ. ಮಡಿಕೆ ಬಿಚ್ಚದೆ ಅದು ವಾಪಸು ಬಂತು. ಏನೆಂದಳು ಎಂದು ಕೇಳಿದರೆ ರಂಗಸ್ವಾಮಿ ತಲೆ ಕೆರೆದುಕೊಂಡ. "ಸೀರೆ ಡಿಗ್ರಿ ಬಂದಿಲ್ಲ ಅಂತ ಏಳು ಅಂದ್ಳು ಕಣಯ್ಯ." ಮತ್ತೆ ಅವನು ಸೀರೆ ಕಳಿಸಲಿಲ್ಲ.

ಪುಟ್ಟತಾಯಮ್ಮ ಹಸು ಮಾರಲಿಲ್ಲ. ಶಾಂತಿಗ್ರಾಮದಲ್ಲಿ ರಸ್ತೆಗೇ ಹೋಟೆಲು ಇಟ್ಟಿದ್ದ ಈಶ್ವರಯ್ಯನಿಗೆ ದಿನಾ ಬಸ್ಸಿನ ಮೇಲೆ ಹಾಲು ಕಳಿಸತೊಡಗಿದಳು. ಒಮ್ಮೆ ನಂಜಪ್ಪ ಅಲ್ಲಿ ಕಾಫಿಗೆ ಕೂತಿದ್ದಾಗ ಈಶ್ವರಯ್ಯ, ಇವನು ಯಾರೆಂದು ಗೊತ್ತಿಲ್ಲದೆ, ಪಕ್ಕದವರಿಗೆ ಹೇಳುತ್ತಿದ್ದ: "ಕೊಪ್ಪಲಿನ ಆಯಮ್ಮನ ಹಾಲು ಅಂದ್ರೆ ಹಾಲು ಕಣ್ರೀ. ಮೊಸರು ಚಾಕುವಲ್ಲಿ ಕುಯ್ಯೋ ಹಂಗಾಗ್ತದೆ." ನಂಜಪ್ಪ ಲೋಟ ಕೆಳಗಿಟ್ಟ. ಆದರೆ ಈಶ್ವರಯ್ಯನ ಹತ್ತಿರ ಗಾಜಿಲ್ಲವಲ್ಲ, ನಾಲಗೆಯನ್ನು ಯಾರು ನಂಬುತ್ತಾರೆ ಎಂದುಕೊಂಡು ಎದ್ದು ಬಂದ. ಹಠಮಾರಿಗಳಿಗೆ ಸಮಾಧಾನ ಸಿಗುವುದು ಹೀಗೆಯೇ.

ಎಂಟು ವರ್ಷ ಕಳೆಯಿತು. ಗೋಡೆಯಾಚೆಯಿಂದ ಅಕ್ಕ ಕೆಮ್ಮುವುದು, ಹಸುವಿನ ಜೊತೆ ಮಾತಾಡುವುದು ಕೇಳುತ್ತಿತ್ತು. ಅವಳ ಮಾತು ಕೇಳಲಿ ಎಂದೇ ನಂಜಪ್ಪ ಹಾಲಿನ ಲಾರಿ ಹೋದ ಮೇಲೂ ಡೇರಿಯಲ್ಲಿ ಕೂತಿರುತ್ತಿದ್ದ. ಬೀದಿಯಲ್ಲಿ ಎದುರಾದರೆ ಅವಳು ತಲೆ ಬಗ್ಗಿಸಿ ಹೋಗುವಳು. ಅವಳ ಕೂದಲು ಪೂರಾ ಬೆಳ್ಳಗಾದದ್ದನ್ನು ಅವನು ಹಿಂದಿನಿಂದಲೇ ನೋಡಿದ.

ಎರಡು ಸಾವಿರದ ಮೂರರಲ್ಲಿ ಹಾಲು ಪರೀಕ್ಷಕರಿಗೆಲ್ಲ ಹಾಸನದಲ್ಲಿ ತರಬೇತಿ ಎಂದು ಕರೆ ಬಂತು. ಪಾಠ ಹೇಳಿದವಳು ಹಂಸ ಎಂಬ ಹುಡುಗಿ, ಹೊಳೆನರಸೀಪುರದವಳು. ಮೊದಲ ದಿನ ಅವಳು ಮೇಜಿನ ಮೇಲೆ ಒಂದೇ ಅಳತೆಯ ನಾಲ್ಕು ತುಂಡುಗಳನ್ನಿಟ್ಟಳು: ಕಬ್ಬಿಣ, ಅಲ್ಯೂಮಿನಿಯಂ, ಮರ, ಮೇಣ. ಎಲ್ಲಕ್ಕೂ ಒಂದೇ ಬಣ್ಣದ ಕಾಗದ ಸುತ್ತಿತ್ತು. ಯಾವುದು ಏನೆಂದು ಯಾರಾದರೂ ಹೇಳುತ್ತೀರಾ ಎಂದಳು. ನಂಜಪ್ಪ ಎದ್ದು ಹೋಗಿ ಒಂದೊಂದನ್ನೂ ಅಂಗೈಯಲ್ಲಿಟ್ಟುಕೊಂಡ. ಎಷ್ಟೋ ವರ್ಷದ ಮೇಲೆ ಅವನ ಮುಖ ಅರಳಿತ್ತು. ನಾಲ್ಕನ್ನೂ ಸರಿಯಾಗಿ ಹೇಳಿದ.

"ಇದಕ್ಕೆ ಸಾಂದ್ರತೆ ಅಂತಾರೆ ಸರ್" ಎಂದಳು ಹಂಸ. "ಒಂದೇ ಜಾಗದೊಳಗೆ ಎಷ್ಟು ಭಾರ ತುಂಬಿದೆ ಅನ್ನೋದು."

ಅಷ್ಟು ದಿನ ಕೈಯಲ್ಲಿ ಆಡಿಸಿದ್ದಕ್ಕೆ ಒಂದು ಹೆಸರಿದೆ ಎಂದು ತಿಳಿದು ನಂಜಪ್ಪನಿಗೆ ಹಿಗ್ಗೋ ಹಿಗ್ಗು. ಆ ಹೆಸರನ್ನು ಬಾಯೊಳಗೇ ಹೇಳಿಕೊಂಡ.

ಮಧ್ಯಾಹ್ನದ ಮೇಲೆ ಹಾಲಿನ ಪಾಠ. ಹಂಸ ಮೊದಲು ಕೆನೆಯ ಮೋಸ ತೋರಿಸಿದಳು. ಕೆನೆ ಹಾಲಿಗಿಂತ ಹಗುರ. ಅದನ್ನು ತೆಗೆದರೆ ಉಳಿದ ಹಾಲು ಇನ್ನೂ ಭಾರವಾಗುತ್ತದೆ, ಗಾಜು ಮೇಲೇಳುತ್ತದೆ. ಆಮೇಲೆ ಅಷ್ಟಕ್ಕೆ ತಕ್ಕ ನೀರು ಬೆರೆಸಿದರೆ ಗಾಜು ಸರಿಯಾದ ಗೆರೆಗೇ ಬಂದು ನಿಲ್ಲುತ್ತದೆ. ಎರಡು ಕಳ್ಳತನ ಸೇರಿ ಒಂದು ಪ್ರಾಮಾಣಿಕ ಹಾಲಿನಂತೆ ಕಾಣುತ್ತದೆ. ನಂಜಪ್ಪನಿಗೆ ಮಲ್ಲಿಗಮ್ಮನ ನೆನಪಾಯಿತು. ಅವಳ ಹಾಲು ಒಂದು ದಿನವೂ ಇಪ್ಪತ್ತೆಂಟು ತಪ್ಪಿದ್ದಿಲ್ಲ. ಅವಳ ಮನೆಯ ಬೆಣ್ಣೆ ಊರಿಗೆಲ್ಲ ಹೆಸರು.

ಆಮೇಲೆ ಹಂಸ ಹಿತ್ತಲಿನ ಕೊಟ್ಟಿಗೆಯಿಂದ ಆಗತಾನೇ ಕರೆದ ಹಾಲು ತರಿಸಿದಳು. ನೊರೆಯೇಳುತ್ತಿತ್ತು. ಗಾಜು ಬಿಟ್ಟಳು. ಇಪ್ಪತ್ತೈದು. ಅದೇ ಹಾಲನ್ನು ತಣ್ಣೀರಿನ ಬಾನಿಯಲ್ಲಿಟ್ಟು, ನೊರೆ ಆರಿ ಬಿಸಿ ಇಳಿಯುವ ತನಕ ಬೇರೇನೋ ಪಾಠ ಹೇಳಿ, ಮತ್ತೆ ಗಾಜು ಬಿಟ್ಟಳು. ಗಾಜು ಮೇಲೆ ಬಂದು ಇಪ್ಪತ್ತೇಳೂವರೆಯಲ್ಲಿ ನಿಂತಿತು.

ನಂಜಪ್ಪ ಎದ್ದು ನಿಂತಿದ್ದ. "ಅದೇ ಆಲಾ ಮೇಡಮ್ಮು?"

"ಅದೇ ಹಾಲು ಸರ್, ನಿಮ್ಮೆದುರಿಗೇ ಇತ್ತಲ್ಲ."

"ನೀರು ಆಕಿರ್ಲಿಲ್ವಾ ಮೊದ್ಲು?"

ಉಳಿದವರು ನಕ್ಕರು. ಹಂಸ ನಗಲಿಲ್ಲ. "ಬಿಸಿಯಾದದ್ದು ಹಿಗ್ಗುತ್ತೆ. ಭಾರ ಅಷ್ಟೇ, ಜಾಗ ಜಾಸ್ತಿ. ಮೇಲೆ ನೊರೆಯ ಗಾಳಿ ಬೇರೆ ಸೇರಿರುತ್ತೆ. ಅದಕ್ಕೇ ಹಗುರ ಅಂತ ತೋರಿಸುತ್ತೆ. ಆಗತಾನೇ ಕರೆದ ಬಿಸಿ ಹಾಲಿಗೆ ಗಾಜು ಬಿಡಬಾರದು ಸರ್. ಬಿಸಿ ನೋಡುವ ಕಡ್ಡಿ ಕೊಟ್ಟಿರೋದು ಯಾಕೆ ಮತ್ತೆ?"

ನಂಜಪ್ಪ ಕೂತ. ಪಾವು ಒಂದೇ ಆದರೂ ಪುರಿ ಹಗುರ ಎಂದು ಊರಿಗೆಲ್ಲ ಪಾಠ ಹೇಳಿಕೊಂಡು ಬಂದವನು ಅವನು. ಬಿಸಿಗೆ ಹಿಗ್ಗಿದ್ದು ಪುರಿಯ ಹಾಗೆ ಹಗುರಾಗುತ್ತದೆ ಎಂಬುದು ಹೊಳೆಯದೇ ಹೋಯಿತೇ? ಅಕ್ಕ ಓಡಿಬಂದದ್ದು, ಬೆಚ್ಚಗಿನ ತಂಬಿಗೆ, ತಾನು ಊದಿ ಸರಿಸಿದ ನೊರೆ ಎಲ್ಲ ಕಣ್ಣ ಮುಂದೆ ಬಂತು. ಅವಳು ಪ್ರೀತಿಯಿಂದ ಅವಸರಪಟ್ಟದ್ದೇ ಅವಳಿಗೆ ಕಳ್ಳಿಯ ಪಟ್ಟ ಕಟ್ಟಿತ್ತು.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಡೇರಿಯ ಸಾಲು ನಿಂತ ಮೇಲೆ ನಂಜಪ್ಪ ಗಾಜು ಕೈಗೆತ್ತಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ನಿಂತ. ಸಾಲಿನ ಎದುರು ಎಂದೂ ಗಟ್ಟಿಯಾಗಿ ಮಾತಾಡದವನು ಗೋಡೆಯಾಚೆಗೂ ಕೇಳುವಂತೆ ಹೇಳಿದ: "ನಮ್ಮಕ್ಕನ ಆಲಲ್ಲಿ ನೀರಿರ್ಲಿಲ್ಲ. ಆಲು ಬಿಸಿ ಇತ್ತು, ಅದ್ಕೆ ಗಾಜು ಇಳೀತು. ತಪ್ಪು ನಂದು. ಎಲ್ರೂ ಕೇಳಿಸ್ಕಳಿ."

ಗೋಡೆಯಾಚೆ ಕೊಟ್ಟಿಗೆ ಗುಡಿಸುತ್ತಿದ್ದ ಪೊರಕೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಸಾಲಿನ ಹಿಂದಿನಿಂದ ಯಾರೋ ಕೂಗಿದರು, "ಅಂಗಾದ್ರೆ ಓದ್ವರ್ಸ ನಮ್ದೂ ಬಿಸಿನೇ ಇತ್ತು ಕಣಪ್ಪೋ!" ಇನ್ನೊಬ್ಬ, "ನಮ್ದಂತೂ ಕುದೀತಿತ್ತು!" ಎಂದ. ಇಷ್ಟು ವರ್ಷ ಕೆರೆಯ ನೀರನ್ನೇ ಹೊತ್ತು ತಂದವರೆಲ್ಲ ಒಂದೇ ದಿನದಲ್ಲಿ ಸತ್ಯವಂತರಾಗಿಬಿಟ್ಟರು. ನಗುವೋ ನಗು. ಮಲ್ಲಿಗಮ್ಮ ಮಾತ್ರ ನಗದೆ ತನ್ನ ಕ್ಯಾನನ್ನು ಸೆರಗಿನ ಮರೆಗೆ ಸರಿಸಿಕೊಂಡಳು. ನಂಜಪ್ಪನಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಹೇಳಬೇಕಾದ್ದನ್ನು ಊರಿನ ಎದುರಿಗೇ ಹೇಳಿದ್ದೇನೆ, ಇನ್ನು ಅಕ್ಕ ಬಾಗಿಲಿಗೆ ಬರುತ್ತಾಳೆ ಎಂದು ಕಾದ. ಲಾರಿ ಬಂದು ಕ್ಯಾನುಗಳನ್ನು ಹೊತ್ತುಕೊಂಡು ಹೋಯಿತು. ಅವಳು ಬರಲಿಲ್ಲ.

ಮಧ್ಯಾಹ್ನದ ಮೇಲೆ ಅವನೇ ಹೋದ. ಪುಟ್ಟತಾಯಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ನಂಜಪ್ಪ ಕೆಳಗಿನ ಮೆಟ್ಟಿಲಿನಲ್ಲಿ ಕೂತು, ಹಾಸನದಲ್ಲಿ ನೋಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ನೊರೆ, ಬಿಸಿ, ತಣ್ಣೀರಿನ ಬಾನಿ, ಮೇಲೆದ್ದ ಗಾಜು. ಅವಳು ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಅವತ್ತು ನಾನೂ ಇದೇ ಏಳಿದ್ನಲ್ಲ. ನೀರು ಸೋಕ್ಸಿಲ್ಲ ಅಂತ."

"ನಂಗೆ ಗೊತ್ತಿರ್ಲಿಲ್ಲ ಅಕ್ಕ. ಗಾಜು..."

"ಗಾಜಿನ್ ಮಾತು ಬುಡು. ಅದ್ಕೇನು ನನ್ ಕಂಡ್ರೆ ಗೊತ್ತಾ? ನಿಂಗೆ ಗೊತ್ತಿತ್ತಲ್ಲ ನಂಜ." ಈಗ ಅವಳ ಕೈ ನಿಂತಿತು. "ಒಂದು ಮಾತು ಕೇಳ್ತೀನಿ. ಆ ಉಡುಗಿ ಅಂಗೆ ತೋರಿಸ್ದೇ ಇದ್ದಿದ್ರೆ ನೀನು ಇವತ್ತು ಈ ಬಾಗ್ಲಿಗೆ ಬತ್ತಿದ್ಯಾ?"

ಬರುತ್ತಿದ್ದೆ ಎಂದರೆ ಮುಗಿಯುತ್ತಿತ್ತು. ಅವಳೂ ಅದನ್ನೇ ಕಾಯುತ್ತಿದ್ದಳೋ ಏನೋ, ಬಾಯಿ ಕೊಂಚ ತೆರೆದಿತ್ತು. ನಂಜಪ್ಪ ತನ್ನೊಳಗೆಲ್ಲ ಹುಡುಕಿದ. ಹೋಟೆಲಿನಲ್ಲಿ ಲೋಟ ಕೆಳಗಿಟ್ಟು ಎದ್ದು ಬಂದದ್ದು ನೆನಪಾಯಿತು.

"ಬತ್ತಿರ್ಲಿಲ್ಲ ಅಕ್ಕ" ಎಂದ.

ಪುಟ್ಟತಾಯಮ್ಮ ತಲೆದೂಗಿದಳು. ಸಿಟ್ಟು ಮಾಡಲಿಲ್ಲ. ಬೈದು ಅಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳ ಕಣ್ಣು ತುಂಬಿತ್ತು, ಆದರೆ ಒರೆಸಿಕೊಳ್ಳಲಿಲ್ಲ.

"ನಾಳೆಯಿಂದ ಆಲು ಡೇರಿಗೇ ಆಕು ಅಕ್ಕ. ಆರೋ ತನಕ ನಾನೇ ಕಾಯ್ತೀನಿ."

"ಬ್ಯಾಡ ಕಣಪ್ಪ" ಎಂದಳು ಅವಳು, ದೂರದ ನೆಂಟನಿಗೆ ಹೇಳುವಂತೆ ಮೆಲ್ಲಗೆ. "ಈಶ್ವರಯ್ಯನಿಗೇ ಕಳಿಸ್ತೀನಿ. ಇಷ್ಟು ವರ್ಸದಲ್ಲಿ ಅವ್ನು ಒಂದ್ ದಿನಾನೂ ಅಳೆದು ನೋಡ್ಲಿಲ್ಲ."

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಬೀದಿಯಲ್ಲಿ ಒಬ್ಬಿಬ್ಬರು ಆಗಲೇ ಸಂಜೆಯ ಹಾಲಿನ ಕ್ಯಾನು ಹಿಡಿದು ಡೇರಿಯ ಕಡೆ ನಡೆಯುತ್ತಿದ್ದರು. ನಂಜಪ್ಪ ಮೆಟ್ಟಿಲಿನಿಂದ ಎದ್ದು ಹೋಗಿ ಡೇರಿಯ ಬಾಗಿಲು ತೆಗೆದ.